ಮೊಳೆ ಹುದ್ದೆ

ಶತಮಾನ ಕಂಡ ಶಾಲಾ ಕಟ್ಟಡದ ಗೋಡೆಗೆ ಮೊಳೆ ಹೊಡೆಯುವುದು ಶಿಕ್ಷಾರ್ಹ ಅಪರಾಧ. ಆ ಕಟ್ಟಡದಲ್ಲಿ ಊರಿನವರ ಚಿತ್ರಶಾಲೆ ತೆರೆಯಲು ಅಪ್ಪಣೆ ಕೊಟ್ಟವರೂ ಈ ನಿಯಮ ಮಾಡಿದವರೂ ಪರಂಪರೆ ಇಲಾಖೆಯ ಒಬ್ಬರೇ ಅಧಿಕಾರಿಗಳಾದ್ದರಿಂದ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಚಿತ್ರಗಳನ್ನು ಮನುಷ್ಯರೇ ಹಿಡಿದು ನಿಲ್ಲತಕ್ಕದ್ದೆಂದು ಚಿತ್ರಶಾಲೆಯ ಸಮಿತಿ ತೀರ್ಮಾನಿಸಿತು. ಹಾಗೆ ನಿಲ್ಲುವವರ ಹುದ್ದೆಗೆ ‘ಮೊಳೆ’ ಎಂದು ಹೆಸರಾಯಿತು. ಸಮಿತಿ ಅಧ್ಯಕ್ಷರ ಭಾವಮೈದುನ ಮುಖ್ಯ ಮೊಳೆಯಾಗಿ ನೇಮಕಗೊಂಡರು. ಅವರಿಗೆ ಕುರ್ಚಿಯಿತ್ತು, ಚಿತ್ರವಿರಲಿಲ್ಲ.

ಊರಿನಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನಿಗೆ ಇದೆಲ್ಲ ತಿಳಿದದ್ದು ಉದ್ಘಾಟನೆಯ ಬೆಳಿಗ್ಗೆ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ತನ್ನ ತಾಯಿಯ ಚಿತ್ರ ಬರೆದುಕೊಟ್ಟು, ನಾಲ್ಕು ಜನ ನೋಡುವ ದಿನಕ್ಕಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಬಂದು ನೋಡಿದರೆ ಚಿತ್ರ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿತ್ತು.

“ಏನಣ್ಣಾ ಇದು?”

“ನಿಮ್ಮ ಮೊಳೆ ರಜೆ ಹಾಕಿದೆ ಅಕ್ಕಾ,” ಎಂದರು ಮುಖ್ಯ ಮೊಳೆ. “ಭುಜ ನೋವಂತೆ.”

“ಹಾಗಾದ್ರೆ ನಾನೇ ಹಿಡ್ಕೊಂಡು ನಿಲ್ತೀನಿ ಬಿಡಿ.”

“ಅಯ್ಯೋ, ಕಲಾವಿದರು ಕಲಾಕೃತಿ ಮುಟ್ಟೋ ಹಾಗಿಲ್ಲ. ಮೊಳೆಗಳು ಮುಟ್ಟಬಹುದು. ಹಂಗಾಮಿ ಮೊಳೆ ಆಗ್ತೀರಾ?”

ಹೂಂ ಎಂದಳು. ಕೂಡಲೇ ಅವಳ ಕಲಾವಿದೆ ಪಟ್ಟ ರದ್ದಾಗಿ, ಚಿತ್ರದ ಕೆಳಗೆ ‘ಚಿತ್ರಕಾರರು: ಅಜ್ಞಾತ’ ಎಂಬ ಚೀಟಿ ಅಂಟಿತು.

ಮಧ್ಯಾಹ್ನ ತಾಯಿ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, “ನನ್ನ ಕುತ್ತಿಗೆ ಅಷ್ಟೊಂದು ಬಗ್ಗಿ ಹೋಗಿತ್ತೇನೇ?” ಎಂದು ಮೆಲ್ಲಗೆ ಕೇಳಿದರು. ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ಗದರಿಕೆ ಬಂತು: “ಮೊಳೆಗಳು ಪ್ರೇಕ್ಷಕರ ಜೊತೆ ಮಾತಾಡತಕ್ಕದ್ದಲ್ಲ!”

ಸಂಜೆ ಪರಂಪರೆ ಇಲಾಖೆಯ ಅದೇ ಅಧಿಕಾರಿಗಳು ತಪಾಸಣೆಗೆ ಬಂದರು. ಗೋಡೆ ಸವರಿ ನೋಡಿ, ಒಂದು ಗೀರೂ ಇಲ್ಲದ್ದಕ್ಕೆ ಹರ್ಷ ವ್ಯಕ್ತಪಡಿಸಿದರು. ಬಳಿಕ ಗಂಟಲು ಸರಿಮಾಡಿಕೊಂಡು ಘೋಷಿಸಿದರು: “ಈ ಕಟ್ಟಡದಲ್ಲಿ ಈಗಾಗಲೇ ಇರುವ ಯಾವುದೇ ಮೊಳೆಯನ್ನು ಕೀಳುವುದು, ಸರಿಸುವುದು ಅಥವಾ ಮನೆಗೆ ಕೊಂಡೊಯ್ಯುವುದು ನಿಷಿದ್ಧ.”

ಜನ ಚಪ್ಪಾಳೆ ತಟ್ಟಿದರು. ತಾವು ಗೋಡೆಗೆ ತಾಗಿಯೇ ಇಲ್ಲವೆಂದು ವಾದಿಸಿ ಗೆದ್ದ ಮುಖ್ಯ ಮೊಳೆ ಊಟಕ್ಕೆ ಹೊರಟರು. ಉಳಿದ ಮೊಳೆಗಳು ನಿಂತಲ್ಲೇ ಉಳಿದವು.

ಮೊದಮೊದಲು ಟೈಲರಮ್ಮ ಒಳಗೊಳಗೇ ಕುದಿದಳು. ಆಮೇಲೆ, ತನ್ನ ಚಿತ್ರವೊಂದೇ ಸೊಟ್ಟಗಾಗದೆ ನಿಂತಿದೆಯಲ್ಲ ಎಂದು ಸಮಾಧಾನ ಪಟ್ಟಳು. ಗಂಡ ದಿನವೂ ಟಿಕೆಟ್ ಕೊಂಡು ಬಂದು, ಪ್ರೇಕ್ಷಕರಿಗೆಂದು ಎಳೆದ ಗೆರೆಯ ಆಚೆ ನಿಂತು ಹೆಂಡತಿಯನ್ನು ನೋಡಿ ಹೋಗುತ್ತಾನೆ. ತಾಯಿ ಆಗಾಗ ಬಂದು ಮಗಳ ಮುಖದ ಧೂಳು ಒರೆಸುತ್ತಾರೆ. ಬೀದಿಯಲ್ಲಿ ಯಾರಾದರೂ ವಿಚಾರಿಸಿದರೆ ತಾಯಿಗೆ ಹೆಮ್ಮೆ ತಡೆಯಲಾಗುವುದಿಲ್ಲ.

“ನಮ್ಮ ಹುಡುಗಿಗೆ ಕೆಲಸ ಖಾಯಂ ಆಯ್ತಲ್ಲ!”