ನಾಲ್ಕು ಟೈರು, ಒಂದು ಕ್ರೋಶಾ ಟೊಪ್ಪಿ

ಎಪ್ಪತ್ತಮೂರು ದಾಟಿದ ಮೇಲೆ ಶಾಕ್ ಆಗುವ ಶಕ್ತಿಯೇ ಕಡಿಮೆಯಾಗುತ್ತದೆ ಎಂದು ನಂಬಿಕೊಂಡಿದ್ದೆ. ಕನ್ನಡಿ, ರಕ್ತಪರೀಕ್ಷೆಯ ರಿಪೋರ್ಟು, ಮದುವೆಮನೆಗಳಲ್ಲಿ ಎದುರಾಗುವ ಹಳೆಯ ಕ್ಲಾಸ್‌ಮೇಟುಗಳ ಮುಖ, ಇವೆಲ್ಲ ಸೇರಿ ನಮ್ಮನ್ನು ಸಾಕಷ್ಟು ಗಟ್ಟಿ ಮಾಡಿರುತ್ತವೆ. ಆದರೆ ಕಳೆದ ತಿಂಗಳು ನಾಲ್ಕು ಟೈರು ಕೊಳ್ಳಲು ಹೋದವಳು ಮೂರ್ನಾಲ್ಕು ವಾರಗಳಲ್ಲಿ ಎಷ್ಟು ಸಲ ಬೆಚ್ಚಿಬಿದ್ದೆನೆಂದರೆ, ಬಿ.ಪಿ. ನೋಡುವ ಡಾಕ್ಟರು ಯಾಕಮ್ಮ ಹೀಗೆ ಏರಿದೆ ಎಂದು ಕೇಳಿದಾಗ ಕಾರಣ ಹೇಳಲು ನಾಚಿಕೆಯಾಗಿ "ಫ್ಯಾಮಿಲಿ ಮ್ಯಾಟರ್" ಎಂದುಬಿಟ್ಟೆ. ಸುಳ್ಳೇನಲ್ಲ. ಆ ಜೀಪು ನಮ್ಮ ಫ್ಯಾಮಿಲಿಯೇ.

ಜೀಪು ನಮ್ಮ ಯಜಮಾನರದು. ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಹಿಂದೆ ಬಿದ್ದು ತಲೆ ಬೆಳ್ಳಗೆ ಮಾಡಿಕೊಂಡವರು, ರಿಟೈರಾದ ವರ್ಷ ಎಲ್ಲರೂ ಆರಾಮಾಗಿ ಸಣ್ಣ ಕಾರು ಕೊಂಡರೆ ಇವರು ಫೋರ್ ವೀಲ್ ಡ್ರೈವ್ ತಂದು ಗೇಟಿನ ಮುಂದೆ ನಿಲ್ಲಿಸಿದರು. ಮಳವಳ್ಳಿ ಕಡೆ ನಮಗೊಂದು ಸಣ್ಣ ತೆಂಗಿನ ತೋಟವಿದೆ, ಅದಕ್ಕಂತೆ. ನಾನು ಒಳಗೆ ಇಣುಕಿ ನೋಡಿದೆ. ಎರಡು ಗೇರುಕಡ್ಡಿಗಳು, ಒಂದು ದೊಡ್ಡದು, ಒಂದು ಚಿಕ್ಕದು, ಬೋಳುತಲೆಯ ಅಪ್ಪ ಮಗನ ಹಾಗೆ ನಿಂತಿದ್ದವು. ಬೋರ್ಡಿಂಗ್ ಸ್ಕೂಲಿನಲ್ಲಿ ಸಿಸ್ಟರುಗಳು ನಮಗೆ ಇಂಗ್ಲಿಷ್ ಗ್ರಾಮರಿನಷ್ಟೇ ಶ್ರದ್ಧೆಯಿಂದ ಕ್ರೋಶಾ ಕಲಿಸಿದ್ದರು. ಬರಿ ಟೀಪಾಯಿ, ಬರಿ ರೇಡಿಯೋ, ಬರಿ ಹೂಜಿ, ಯಾವುದನ್ನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ದೊಡ್ಡ ಕಡ್ಡಿಯನ್ನು ಹಿಡಿಯಬೇಕು, ಜಾರುತ್ತದೆ ಎಂದು ಬಿಟ್ಟೆ. ಚಿಕ್ಕದಕ್ಕೆ ಗುಲಾಬಿ ದಾರದಲ್ಲಿ ಒಂದು ಟೊಪ್ಪಿ ಹೆಣೆದು, ಕುಚ್ಚು ಕಟ್ಟಿ ಹಾಕಿದೆ. ಯಜಮಾನರು ಅದನ್ನು ತುಸು ಹೊತ್ತು ನೋಡಿ, "ಲವ್ಲಿ" ಎಂದರು. ಅವರು ಹೆಚ್ಚು ಮಾತಿನ ಮನುಷ್ಯರಲ್ಲ.

ಅವರು ಹೋಗಿ ಆರು ವರ್ಷವಾಯಿತು. ಜೀಪು ಮಾರಿಬಿಡಿ ಎಂದವರಿಗೆಲ್ಲ "ಓವರ್ ಮೈ ಡೆಡ್ ಬಾಡಿ" ಎಂದು ಹೇಳಿ, ಅಂದಿನಿಂದ ಪ್ರತಿ ಶನಿವಾರ ಮಂಡ್ಯದಿಂದ ತೋಟಕ್ಕೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಟಾರು ರೋಡಿನಲ್ಲಿ ನನ್ನನ್ನು ಯಾರೂ ಏನೂ ಅನ್ನುವ ಹಾಗಿಲ್ಲ. ಕಷ್ಟವಿರುವುದು ಕೊನೆಯ ಎರಡು ಫರ್ಲಾಂಗಿನಲ್ಲಿ. ನಾಲೆಯ ಏರಿ ಇಳಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಒಂದು ಗಾಡಿದಾರಿ. ಅದರ ಮಧ್ಯೆ ಒಂದು ತಗ್ಗು. ನಾಲೆಯ ನೀರು ಜಿನುಗಿ ಬೇಸಿಗೆಯಲ್ಲೂ ಅಲ್ಲಿ ಕೆಸರು. ಮಳೆ ಬಂದ ವಾರವಂತೂ ಜೀಪು ಅಲ್ಲಿಗೆ ಬಂದು, ಎಮ್ಮೆ ಕೂತ ಹಾಗೆ ಕೂತುಬಿಡುತ್ತದೆ.

ಆ ತಗ್ಗಿನ ಪಕ್ಕದಲ್ಲೇ ಸಾಕಮ್ಮನ ಮನೆ. ಸಾಕಮ್ಮನಿಗೂ ನನ್ನದೇ ವಯಸ್ಸು. ಎರಡು ಎತ್ತು, ಒಂದೂವರೆ ಎಕರೆ ಕಬ್ಬು ಮತ್ತು ಯಾರಿಗೂ ಹೆದರದ ಒಂದು ನಾಲಿಗೆ ಇಟ್ಟುಕೊಂಡಿದ್ದಾಳೆ. ಜೀಪು ಹೂತ ಸದ್ದಿಗೆ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಬಂದ್ರಾ ಮಿಸ್ಸಮ್ಮ? ಇಳೀರಿ, ಎತ್ತು ನೀರು ಕುಡೀತಾವೆ, ಕುಡುದ್ಬುಟ್ಟು ಬತ್ತವೆ" ಎನ್ನುತ್ತಾಳೆ. ಎತ್ತುಗಳ ನೀರು ಮುಗಿಯುವವರೆಗೆ ನಾನು ಅವಳ ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯಬೇಕು. ಅವಳ ಮಂಡಿನೋವು, ಅವಳ ಸೊಸೆಯ ಮೌನವ್ರತ, ಹನಕೆರೆಗೆ ಕೊಟ್ಟ ಮಗಳ ಎಮ್ಮೆ ಈದದ್ದು, ಎಲ್ಲ ಕೇಳಬೇಕು. ಆ ಎತ್ತುಗಳಷ್ಟು ನಿಧಾನವಾಗಿ ನೀರು ಕುಡಿಯುವ ಪ್ರಾಣಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಅವಳು ಹಗ್ಗ ಕಟ್ಟಿ, ನನ್ನ ಫೋರ್ ವೀಲ್ ಡ್ರೈವನ್ನು ಎಂಟು ಕಾಲುಗಳಿಂದ ಎಳೆಸಿ ಆಚೆ ಬಿಡುತ್ತಾಳೆ.

ಕಳೆದ ತಿಂಗಳ ಮೊದಲ ಶನಿವಾರ ಹೀಗೆ ಎಳೆಸುವಾಗ ದಾರಿಯಲ್ಲಿ ಕಬ್ಬು ಕಡಿಯುವ ಆಳುಗಳು ಹತ್ತಿಪ್ಪತ್ತು ಜನ ನಿಂತು ನೋಡುತ್ತಿದ್ದರು. ಸಾಕಮ್ಮ ಅವರಿಗೆ ಕೇಳುವಂತೆ, "ನಮ್ಮ ಮಿಸ್ಸಮ್ಮಂಗೆ ಇಂಗ್ಲೀಸು ಬತ್ತದೆ, ಡ್ರೈವಿಂಗು ಬತ್ತದೆ, ಆಚೆ ದಡಕ್ಕೆ ಮಾತ್ರ ಬರಕ್ಕಾಗಲ್ಲ ಕಣ್ರಪ್ಪ" ಎಂದಳು. ಎಲ್ಲರೂ ನಕ್ಕರು. ನನ್ನ ಡಿಗ್ನಿಟಿ ಅಲ್ಲೇ ಕೆಸರಿಗೆ ಬಿತ್ತು. "ಸಾಕಮ್ಮ, ಇನ್ನೊಂದು ಸಲ ಇದು ಇಲ್ಲಿ ಹೂತ್ಕೊಂಡರೆ ಮಾರಿಬಿಡ್ತೀನಿ, ಪ್ರಾಮಿಸ್" ಎಂದೆ. ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ನಾನು ಪ್ರಾಮಿಸ್ ಎಂದರೆ ಪ್ರಾಮಿಸ್ಸೇ, ಸಿಸ್ಟರುಗಳು ಹಾಗೆ ಬೆಳೆಸಿದ್ದಾರೆ. ಮನೆಗೆ ಬಂದು ಯಜಮಾನರ ಫೋಟೋ ನೋಡಿದಾಗ ಏನು ಹೇಳಿಬಿಟ್ಟೆನೆಂದು ಹೊಳೆಯಿತು. ಟೈರು ಹೊಸದಾಗಲೇಬೇಕು, ಬೇರೆ ದಾರಿಯಿಲ್ಲ.

ಮಂಡ್ಯದ ಮೊದಲನೆಯ ಅಂಗಡಿಯಲ್ಲಿ ನಾನು ಟೈರನ್ನು ಸೀರೆಯ ಹಾಗೆ ಆರಿಸಿದೆ. ಬಾರ್ಡರ್ ನೋಡಿದೆ, ಮೈ ನೋಡಿದೆ, ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ಹೆಸರು ಬರೆದದ್ದು ತುಂಬಾ ಸ್ಮಾರ್ಟಾಗಿದೆ ಎಂದೆ. ಅಂಗಡಿಯವನು ಎಲ್ಲಕ್ಕೂ ಹೌದು ಮೇಡಂ ಎಂದ. ಎಲ್ಲಕ್ಕೂ ಹೌದು ಎನ್ನುವವರ ಹತ್ತಿರ ನಾನು ಏನನ್ನೂ ಕೊಳ್ಳುವುದಿಲ್ಲ. ಆದ್ದರಿಂದ ಮದ್ದೂರಿನ ನಾಗರಾಜು ಹತ್ತಿರ ಹೋದೆ. ಯಜಮಾನರು ಪಂಕ್ಚರ್ ಹಾಕಿಸುತ್ತಿದ್ದದ್ದು ಅವನ ಹತ್ತಿರವೇ. ಈಗ ಅವನ ಮೀಸೆಯೂ ನರೆತಿದೆ. ಅವನು ಯಾವುದಕ್ಕೂ ಹೌದು ಎನ್ನುವುದಿಲ್ಲ.

ಹೋದವಳೇ ಹೊಸ ಟೈರು ತೋರಿಸು ಎಂದರೆ, ಅವನು ನನ್ನ ಹಳೆಯ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಕನ್ನಡಕ ಆಕ್ಕಂಡು ಇಲ್ಲಿ ಓದಮ್ಮ" ಎಂದು ಪಕ್ಕದಲ್ಲಿದ್ದ ನಾಲ್ಕು ಅಂಕಿ ತೋರಿಸಿದ. ಅದು ಟೈರು ಹುಟ್ಟಿದ ವಾರ ಮತ್ತು ವರ್ಷವಂತೆ. ಓದಿ ಲೆಕ್ಕ ಹಾಕಿದೆ. ಹದಿಮೂರು ವರ್ಷ. ನಾನು ಇಷ್ಟು ದಿನ ಮಿರಮಿರ ಪಾಲಿಶ್ ಹೊಡೆಸಿ, ಚೆನ್ನಾಗಿದೆ ಚೆನ್ನಾಗಿದೆ ಎಂದುಕೊಂಡು ಹೈವೇಯಲ್ಲಿ ಓಡಿಸಿದ್ದು ಹದಿಮೂರು ವರ್ಷದ ರಬ್ಬರನ್ನು. ಅವನು ಬೆರಳಿನಿಂದ ಸ್ವಲ್ಪ ಒತ್ತಿದ. ಪಾಲಿಶಿನ ಕೆಳಗೆ ಸಣ್ಣ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. ಪೌಡರ್ ಕೆಳಗಿನ ನನ್ನ ಮುಖವನ್ನೇ ಯಾರೋ ಒತ್ತಿ ತೋರಿಸಿದಂತಾಗಿ ನಾನು ಸ್ಟೂಲು ಕೇಳಿ ಕೂತೆ.

"ಆ ದಪ್ಪ ದಪ್ಪ ಗಡ್ಡೆ ಇರುವುದನ್ನೇ ಕೊಡು" ಎಂದೆ, ಗೋಡೆಗೊರಗಿದ್ದ ಒಂದು ರಾಕ್ಷಸ ಟೈರು ತೋರಿಸಿ.

"ಅದು ಬರೀ ಕೆಸರಿಗೆ. ನೀವು ಓಡ್ಸೋದು ಮುಕ್ಕಾಲು ಪಾಲು ಟಾರು ರೋಡು. ಜೇನುಗೂಡು ಒತ್ಕಂಡ್ ಓದಂಗೆ ಸದ್ದು ಬತ್ತದೆ, ಬಿರ್ರನೆ ಸವೆದೋಯ್ತದೆ. ಎಲ್ಡಕ್ಕೂ ಆಗೋದು ತಗಳಿ. ಪಕ್ಕ ಗಟ್ಟಿ ಇರ್ಬೇಕು, ಕಬ್ಬಿನ ಕೂಳೆ ಚುಚ್ಚೋದೆ ಪಕ್ಕಕ್ಕೆ." ಹೀಗೆ ಹೇಳಿ ತಾನೇ ಒಂದು ಜಾತಿ ಆರಿಸಿದ. ನಾನೂ ಕಲಿತದ್ದನ್ನು ಬಿಡಲಿಲ್ಲ. ನಾಲ್ಕೂ ಟೈರಿನ ಜನ್ಮದಿನ ಬಗ್ಗಿ ಬಗ್ಗಿ ಓದಿ, ಅದರಲ್ಲಿ ಒಂದು ಮಿಕ್ಕವಕ್ಕಿಂತ ಎರಡು ವರ್ಷ ದೊಡ್ಡದೆಂದು ಕಂಡುಹಿಡಿದು ವಾಪಸ್ ಮಾಡಿದೆ. ನಾಗರಾಜು ಮೊದಲ ಸಲ ನನ್ನನ್ನು ಗೌರವದಿಂದ ನೋಡಿದ. ಆ ಗೌರವ ಐದು ನಿಮಿಷ ಇತ್ತು.

ಹಳೆಯ ಟೈರು ಬಿಚ್ಚುತ್ತಾ ಅವನು, "ಇಂದ್ಗಡೆ ಎಲ್ಡು ಟೈರು ಉಜ್ಜಿ ಉಜ್ಜಿ ಸತ್ತೋಗವೆ. ಕೆಸರಲ್ಲಿ ಫೋರ್ ವೀಲ್ ಆಕದಿಲ್ವ?" ಎಂದ.

"ನಾಲ್ಕೂ ಚಕ್ರ ತಿರುಗುತ್ತಲ್ಲಪ್ಪ, ನಾನೇ ನೋಡಿದ್ದೀನಿ" ಎಂದೆ.

ನಾಗರಾಜು ಸ್ಪ್ಯಾನರು ಕೆಳಗಿಟ್ಟ. ಬಾಗಿಲು ತೆಗೆದು ಒಳಗೆ ಬಗ್ಗಿ, ಗುಲಾಬಿ ಟೊಪ್ಪಿಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ತಂದ, ಬಲೆಗೆ ಬಿದ್ದ ಏನನ್ನೋ ಹಿಡಿದ ಹಾಗೆ. "ಇದ್ಯಾಕಮ್ಮ ಇದರ ಮೇಲೆ? ಇದೇ ಕಣಮ್ಮ ಫೋರ್ ವೀಲು. ಇದು ಆಕದೆ ಇದ್ರೆ ಇಂದ್ಗಡೆ ಎಲ್ಡು ಚಕ್ರ ಎಳೀತವೆ, ಮುಂದಿನವು ಸುಮ್ನೆ ಜೊತೇಲಿ ಓಯ್ತವೆ ಅಷ್ಟೆಯ."

ಆರು ವರ್ಷ. ಇಂಗ್ಲಿಷಿನಲ್ಲಿ ಬರೆದ ಜೀಪಿನ ಪುಸ್ತಕ ಸೀಟಿನ ಕೆಳಗೇ ಇತ್ತು. ಅದನ್ನು ನಾನು ಬಿಚ್ಚಿರಲಿಲ್ಲ. ಯಜಮಾನರು ಓಡಿಸುವಾಗ ಆ ತಗ್ಗಿನ ಹತ್ತಿರ ಅವರ ಎಡಗೈ ಕೆಳಗೆ ಏನೋ ಮಾಡುತ್ತಿತ್ತು. ಮಂಡಿ ಕೆರೆದುಕೊಳ್ಳುತ್ತಾರೆ ಎಂದುಕೊಂಡು ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅಂದರೆ ಅವರು ಪ್ರತಿ ಸಲ ಟೊಪ್ಪಿ ತೆಗೆದು, ಗೇರು ಹಾಕಿ, ಆಚೆ ದಾಟಿ, ಮತ್ತೆ ಕುಚ್ಚು ಸರಿಮಾಡಿ ಟೊಪ್ಪಿ ತೊಡಿಸಿದ್ದಾರೆ. ನನಗೆ ಬೇಜಾರಾಗಬಾರದೆಂದು ಒಂದು ಮಾತೂ ಆಡಿಲ್ಲ. ಮದ್ದೂರಿನ ಆ ಟೈರಂಗಡಿಯಲ್ಲಿ, ಗ್ರೀಸಿನ ವಾಸನೆಯ ನಡುವೆ ನನಗೆ ಕಣ್ಣೀರು ಬಂತು. ನಾಗರಾಜು ಟೈರಿನ ರೇಟಿಗೆ ಅಳುತ್ತಿದ್ದೇನೆಂದು ತಿಳಿದು ಸ್ವಲ್ಪ ಇಳಿಸಿದ. ನಾನು ತಿದ್ದಲಿಲ್ಲ.

ಆ ಶನಿವಾರದ ಹಿಂದಿನ ದಿನವೆಲ್ಲ ಮಳೆ. ತಗ್ಗಿನ ಮುಂದೆ ನಿಲ್ಲಿಸಿ, ನಾಗರಾಜು ಹೇಳಿಕೊಟ್ಟಂತೆ ಚಿಕ್ಕ ಕಡ್ಡಿ ಎಳೆದು, ದೇವರನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನೆನೆದು ಕ್ಲಚ್ ಬಿಟ್ಟೆ. ಜೀಪು ಗುರ್ ಎಂದು ಕೆಸರು ಕಚ್ಚಿ ಕಚ್ಚಿ, ಏನೂ ಆಗಿಲ್ಲವೆಂಬಂತೆ ಆಚೆ ಏರಿಬಿಟ್ಟಿತು. ನಾನು ಗೆದ್ದೆ. ಜೀಪು ಉಳಿಯಿತು. ಸಾಕಮ್ಮನ ಮನೆ ಕಡೆ ಮಹಾರಾಣಿಯ ಹಾಗೆ ಕೈ ಬೀಸಿ ತೋಟಕ್ಕೆ ಹೋದೆ. ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನ ಶನಿವಾರ ಕೈ ಬೀಸಿದರೆ ಅವಳು ಜಗಲಿಯಿಂದ ಏಳಲೂ ಇಲ್ಲ. ತೋಟದಲ್ಲಿ ತೆಂಗಿನ ಗರಿ ಎಣಿಸುತ್ತಾ ಕೂತೆ. ಥರ್ಮಾಸ್ಸಿನ ಕಾಫಿ ಬಾಯಿಗೆ ಹತ್ತಲಿಲ್ಲ. ಹನಕೆರೆಯ ಎಮ್ಮೆ ಕರು ಏನಾಯಿತೋ ಎಂದು ಯೋಚಿಸುತ್ತಿರುವುದು ನನಗೇ ಗೊತ್ತಾಗಿ ಗಾಬರಿಯಾಯಿತು.

ವಾಪಸ್ ಬರುವಾಗ ಸಾಕಮ್ಮನೇ ದಾರಿಗೆ ಅಡ್ಡ ನಿಂತಿದ್ದಳು. ಒಳಗೆ ಇಣುಕಿ, "ಟೊಪ್ಪಿ ತೆಗೆದುಬುಟ್ರಾ?" ಎಂದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಿಮ್ಮೆಜಮಾನ್ರು ಇಲ್ಲೇ ನಿಲ್ಸಿ, ಟೊಪ್ಪಿ ತೆಗ್ದು, ಆ ಕಡ್ಡಿ ಎಳ್ಕಂಡೇ ಓಯ್ತಿದ್ದುದ್ದು."

ಬಿ.ಪಿ. ಏರಿದ್ದು ಆಗ. "ಆರು ವರ್ಷ ನೋಡ್ಕೊಂಡು ಸುಮ್ಮನಿದ್ದೆಯಾ? ಯಾಕೆ ಹೇಳಲಿಲ್ಲ ಸಾಕಮ್ಮ?"

"ಏಳಿದ್ರೆ ಇಳೀತಿದ್ರಾ? ಅವರಿದ್ದಾಗ ಅಷ್ಟು ವರ್ಸ ಈ ದಾರೀಲಿ ಓಡಾಡುದ್ರಲ್ಲ, ಒಂದಿನಾನಾದ್ರೂ ಇಳ್ದು ನಮ್ಮ ಜಗ್ಲಿ ಮೇಲೆ ಕೂತಿದ್ರಾ?"

ಇಲ್ಲ. ಕಿಟಕಿಯಾಚೆ ನೋಡುತ್ತಿದ್ದೆ ಎಂದೆನಲ್ಲ, ಅದರಲ್ಲಿ ಅವಳ ಜಗಲಿಯೂ ಇತ್ತು. "ಈಗ ಜೀಪು ಹೂತ್ಕೊಳ್ಳೋದೇ ಇಲ್ವಲ್ಲೇ, ಟೈರು ತುಂಬಾ ಒಳ್ಳೇದು ಬಂದ್ಬಿಟ್ಟಿದೆ, ಏನು ಮಾಡಲಿ?" ಎಂದೆ, ದೊಡ್ಡ ತಾಪತ್ರಯವೊಂದನ್ನು ತೋಡಿಕೊಳ್ಳುವವಳಂತೆ.

ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಲ್ಬೇಕು ಅಂದ್ರೆ ಊತ್ಕಳ್ಳೇಬೇಕಾ ಮಿಸ್ಸಮ್ಮ? ನಿಮ್ಮ ಜೀಪಿಗೆ ಬ್ರೇಕಿಲ್ವ?"

ಇದೆ. ಪುಣ್ಯಕ್ಕೆ ಅದು ಕಾಲ ಕೆಳಗಿರುವುದರಿಂದ, ಅದೊಂದಕ್ಕೆ ಮಾತ್ರ ನಾನು ಟೊಪ್ಪಿ ಹೆಣೆದಿರಲಿಲ್ಲ.