ಬಾಲದಲ್ಲಿದ್ದ ಮೀನು

ಕಳೆದ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಏಳೂವರೆಗೆ, ಧಾರವಾಡದಲ್ಲಿರುವ ನಮ್ಮ ಚಿಗವ್ವ ಆರು ವರ್ಷಗಳ ನಂತರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡಿದಳು. ಅದಕ್ಕೆ ಕಾರಣ ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ದಾಖಲಿಸುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಉಪಸಂಪಾದಕ. ಬೇರೆಯವರು ಬರೆದದ್ದನ್ನು ಕತ್ತರಿಸುವುದು ನನ್ನ ಕಸುಬು. ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸಬೇಕು, ಮುಖ್ಯವಾದದ್ದೆಲ್ಲ ಮೇಲೇ ಇರುತ್ತದೆ ಎಂದು ಸೇರಿದ ದಿನವೇ ಕಲಿಸಿದ್ದರು. ಆ ನಂಬಿಕೆಯ ಮೇಲೆ ಎಷ್ಟೋ ಬಾಲ ಕತ್ತರಿಸಿದ್ದೇನೆ. ಒಮ್ಮೆ ಮದುವೆಯ ವರದಿಯೊಂದರ ಬಾಲ ಕತ್ತರಿಸಿ ವರನ ಹೆಸರನ್ನೇ ಹಾರಿಸಿದ್ದೆ. ಹುಡುಗಿಯ ಮನೆಯವರು ಕಚೇರಿಗೆ ಬಂದು ಕೂಗಾಡಿದರು. ವರ ಮಾತ್ರ ಏನೂ ಅನ್ನಲಿಲ್ಲ.

ಆ ಶ್ರಾವಣಕ್ಕೆ ಮುಂಚೆ, ಮಳೆಗಾಲದ ಆರಂಭದಲ್ಲಿ ಗ್ರಾಹಕರ ಪುಟಕ್ಕೆ ಒಂದು ಬರಹ ಬಂತು. ನೆಲಕ್ಕೆ, ನೀರಿಗೆ, ಕಡಲಿಗೆ ಹಾನಿಯಾಗದಂತೆ ತಯಾರಾದ ತಿನಿಸಿನ ಮೇಲೆ ಪರಿಸರದ ಗುರುತು ಇರುತ್ತದೆ, ಅದನ್ನು ನೋಡಿ ಕೊಳ್ಳುವುದು ಒಳ್ಳೆಯದು ಎಂಬುದು ವಿಷಯ. ಕೊನೆಯ ಗಳಿಗೆಯಲ್ಲಿ ಜಾಹೀರಾತೊಂದು ಬಂದು ಕೂತಿತು. ನಾನು ಬರಹದ ಕೊನೆಯ ಪ್ಯಾರಾ ತೆಗೆದು, ‘ಹಸಿರು ಗುರುತು ನೋಡಿ, ನಿಶ್ಚಿಂತೆಯಿಂದ ಕೊಳ್ಳಿ’ ಎಂದು ತಲೆಬರಹ ಕೊಟ್ಟು ಮನೆಗೆ ಹೋದೆ. ತೆಗೆದ ಪ್ಯಾರಾದಲ್ಲಿ ಇದ್ದದ್ದು ಇಷ್ಟೇ: ಈ ಗುರುತು ಮೀನು, ಮೀನೆಣ್ಣೆಗಳ ಮೇಲೂ ಇರುತ್ತದೆ, ಸಸ್ಯಾಹಾರದ ಹಸಿರು ಚುಕ್ಕೆಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಮನೆತನದಲ್ಲಿ ಹಸಿರು ಗುರುತಿಗೆ ಇರುವುದು ಒಂದೇ ಅರ್ಥ. ಅದನ್ನು ನೋಡದೆ ಚಿಗವ್ವ ಬಿಸ್ಕತ್ತಿನ ಪುಡಿಕೆಯನ್ನೂ ಮನೆಯೊಳಗೆ ಬಿಟ್ಟವಳಲ್ಲ. ಜೊತೆಗೆ, ಅಕ್ಕನ ಮಗ ಕೆಲಸ ಮಾಡುವ ಪತ್ರಿಕೆಯಲ್ಲಿ ಸುಳ್ಳು ಬರುವುದಿಲ್ಲ ಎಂದು ಬಲವಾಗಿ ನಂಬಿದ್ದ ಓದುಗಾರ್ತಿ ಅವಳು. ಬಹುಶಃ ಒಬ್ಬಳೇ.

ಆ ಸೋಮವಾರ ನಾನು ಊಟಕ್ಕೆಂದು ಹೋದಾಗ ಅವಳು ಗುಳಿಗೆಯ ಶೀಸೆ ತಂದು ಕೈಗಿಟ್ಟಳು.

“ನಿನ್ನ ಪೇಪರ್ ಓದೇ ತಗೊಂಡೇನಿ ಈರಣ್ಣಾ. ಅಂಗಡ್ಯಾಂವಗ ಹೇಳಿದೆ, ಮಣಕಾಲಿಗೆ ಏನರ ಕೊಡಪಾ, ಆದ್ರ ಹಸರು ಗುರ್ತು ಇರಬೇಕು ಅಂತ. ನೋಡಿಲ್ಲೆ, ಎಲಿ!”

ಹಸಿರು ವೃತ್ತದೊಳಗೆ ಎಲೆಯಂಥದ್ದೇನೋ ಇತ್ತು. ತುದಿ ಚೂಪು, ತೊಟ್ಟು ಎರಡು ಕವಲು, ಚೂಪು ತುದಿಯ ಹತ್ತಿರ ತೂತಿನಂಥ ಒಂದು ಚುಕ್ಕೆ.

“ಈ ತೂತು ಏನು, ಚಿಗವ್ವಾ?”

“ಹುಳ ತಿಂದದ್ದು. ಔಷಧ ಹೊಡೀದ ಬೆಳದ ಎಲಿಗೆ ಹುಳ ಬೀಳ್ತಾವು. ಸುಳ್ಳ ಊರಾಗ ನಮ್ಮಪ್ಪನ ಹೊಲದಾಗ ನೋಡಿಲ್ಲೇನು? ಖರೇ ಮಾಲಿಗೆ ಅದ ಸಾಕ್ಷಿ.”

ಶೀಸೆ ತಿರುಗಿಸಿದೆ. ಹಿಂಬದಿಯ ಇಂಗ್ಲಿಷ್ ಸಣ್ಣಕ್ಷರಗಳ ನಡುವೆ ಮಾಂಸಾಹಾರದ ಕಂದು ತ್ರಿಕೋನ ಎಳ್ಳಿನಷ್ಟಿತ್ತು. ಪಕ್ಕದಲ್ಲೇ ಮೀನೆಣ್ಣೆ ಎಂದು ಬರೆದಿತ್ತು. ಎಲೆಯ ಮೇಲಿನದು ತೂತಲ್ಲ, ಕಣ್ಣು. ಅದು ನನ್ನನ್ನೇ ನೋಡುತ್ತಿತ್ತು.

ಆರು ವರ್ಷದ ಮಂಡಿನೋವು ಇಳಿದದ್ದು ಗುಳಿಗೆಯಿಂದಲೋ ನಂಬಿಕೆಯಿಂದಲೋ, ನಾನು ದೃಢಪಡಿಸಿಕೊಂಡಿಲ್ಲ. ಇಳಿದಿತ್ತು ಎಂಬುದು ನಿಜ. “ಈ ಪೂಜಿ ಕುರ್ಚಿ ಇನ್ನ ಯಾಕ ಬೇಕು? ನೀನ ಒಯ್ಯಿ,” ಎಂದು ಆರು ವರ್ಷ ಕೂತ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಸ್ಕೂಟರಿಗೆ ಕಟ್ಟಿಸಿದಳು. “ವಚನಾ ಹಾಡೂ ನಮ್ಮ ಅಕ್ಕನ ಬಳಗದ ನಾಕು ಮಂದಿಗೂ ಇದ ಗುಳಿಗಿ ಹೇಳೇನಿ,” ಎಂದೂ ಸೇರಿಸಿದಳು. ನಾನು ಹೋಳಿಗೆ ತಿಂದು, ಮೀನಿನ ಮಾತೆತ್ತದೆ, ಕುರ್ಚಿಯೊಂದಿಗೆ ಹುಬ್ಬಳ್ಳಿಗೆ ಬಂದೆ.

ಹೆಂಡತಿಗೆ ವಿಷಯ ತಿಳಿಸಿದೆ. “ನುಂಗಾಕಿ ಆಕಿ. ಬಾಯಿ ಮುಚ್ಚಬೇಕಾದಾವ್ರು ನೀವು,” ಎಂದಳು. ಒಬ್ಬಳಾಗಿದ್ದರೆ ಮುಚ್ಚುತ್ತಿದ್ದೆನೇನೋ. ಆದರೆ ಈಗ ಐವರು ನುಂಗುವವರಿದ್ದರು, ಪತ್ರಿಕೆಯ ಉಳಿದ ಓದುಗರ ಮಾತು ಬೇರೆ. ಸಂಪಾದಕರ ಮುಂದೆ ನಿಂತೆ. “ತಪ್ಪಾದ್ರ ತಿದ್ದುಪಡಿ ಹಾಕೂದು. ಅದರಾಗ ಕೇಳೂದೇನೈತ್ರಿ?” ಎಂದರು.

ಚಿಗವ್ವನ ಎದುರು ಕೂತು ಹೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ತಿದ್ದುಪಡಿಯನ್ನು ಅಚ್ಚು ಹಾಕಿಸಿದೆ. ಏಳನೆಯ ಪುಟದಲ್ಲಿ, ನಿಧನವಾರ್ತೆಗಳ ಕೆಳಗೆ, ಇರುವುದರಲ್ಲೇ ಸಣ್ಣ ಅಕ್ಷರದಲ್ಲಿ ಮೂರು ಸಾಲು. ತಿದ್ದುಪಡಿ ಓದಿದ ಒಬ್ಬ ಮನುಷ್ಯನನ್ನೂ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಚಿಗವ್ವ ದಿನಾ ಪತ್ರಿಕೆಯನ್ನು ನಿಧನವಾರ್ತೆಯಿಂದ, ಅದೂ ಭೂತಗನ್ನಡಿ ಹಿಡಿದು ಆರಂಭಿಸುತ್ತಾಳೆ ಎಂಬುದು ಪುಟ ಅಚ್ಚಿಗೆ ಹೋದ ಮೇಲೆ ನೆನಪಾಯಿತು.

ಬೆಳಿಗ್ಗೆ ಫೋನು ಬಂತು.

“ಈರಣ್ಣಾ, ಇದು ಮೀನಿಂದೇನೋ?”

“ಹೌದು ಚಿಗವ್ವಾ. ಆದ್ರ ಸಮುದ್ರ ಬರಿದಾಗದಂಗ ಹಿಡದದ್ದಂತ.”

“ಸಮುದ್ರಕ್ಕ ಛಲೋ ಆತು. ಮೀನಿಗೆ?”

ನಾನು ಮೂಲೆಯಲ್ಲಿದ್ದ ಅವಳ ಕುರ್ಚಿಯ ಕಡೆ ನೋಡಿದೆ.

“ಕಾಲು ಖರೇನ ಹಗರಾಗಿದ್ವು ನೋಡು,” ಎಂದಳು. ಆಮೇಲೆ, “ಆ ಕುರ್ಚಿ ತಂದು ಕೊಡು.”

ಶ್ರಾವಣದ ಮೂರನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಕುರ್ಚಿಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಧಾರವಾಡ ಮುಟ್ಟಿದೆ. ಏಳೂವರೆಗೆ ಚಿಗವ್ವ ಅದರ ಮೇಲೆ ಕೂತು ಪೂಜೆ ಮಾಡಿದಳು.