ಅಟ್ಟದ ಕೊಬ್ಬರಿ ಮತ್ತು ನನ್ನ ಕಾಯಂ ವಾಸ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಸ್ವಂತ ಊರಿನಲ್ಲಿ ಉಳಿದುಕೊಳ್ಳುವುದನ್ನು ‘ದೀರ್ಘಾವಧಿ ವಿದೇಶ ವಾಸ’ ಎಂದು ಕರೆಯುವ ಕಾನೂನು ಈ ಭೂಮಿಯ ಮೇಲೆ ಇದೆ. ಅದರ ಪ್ರಕಾರ ನಮ್ಮೂರು ಅರಳಗುಪ್ಪೆ ವಿದೇಶ. ನನ್ನ ಹೆಂಡತಿ ಗಿರಿಜಾ ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಗಂಡನಾದ ಕಾರಣಕ್ಕೆ ನನಗೂ ಅಲ್ಲಿ ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ದೊರೆತಿತ್ತು. ಒಂದು ವರ್ಷ ಮೀರಿ ಹೊರಗಿದ್ದರೆ ಅದಕ್ಕೆ ಸಂಚಕಾರವೆಂಬುದು ನನಗೆ ತಿಳಿದಿರಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ, ತಿಳಿದಿತ್ತು.

ಎರಡು ತಿಂಗಳಿಗೆಂದು ಊರಿಗೆ ಬಂದವನು ನನ್ನ ಪಾಲಿನ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಏರಿಸಿದೆ. ಉಂಡೆ ಕೊಬ್ಬರಿ ಅವಸರದ ಬಾಬತ್ತಲ್ಲ. ಚಿಪ್ಪಿನೊಳಗೇ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ನಾನು ವಾರಕ್ಕೊಮ್ಮೆ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, “ಇನ್ನೂ ನೀರೈತೆ” ಎಂದು ಗಿರಿಜಾಳಿಗೆ ಫೋನಿನಲ್ಲಿ ವರದಿ ಸಲ್ಲಿಸುತ್ತಿದ್ದೆ. ನಮ್ಮಣ್ಣ ಕೆಳಗಿನಿಂದ, “ಅದರ ಪಾಡಿಗೆ ಅದು ಒಣಗ್ತದೆ ಕಣ್ಲಾ. ನೀನೇನ್ ಕಾವು ಕೊಡ್ಬೇಕಾ? ಹೆಂಡ್ತಿ ತಾವ್ಕೆ ಹೋಗ್ಲಾ” ಎನ್ನುತ್ತಿದ್ದ. ಅಮೆರಿಕದಲ್ಲಿ ನನ್ನ ಕೆಲಸವೆಂದರೆ ಅವಳು ಡ್ಯೂಟಿಯಿಂದ ಬರುವವರೆಗೆ ಕಿಟಕಿಯಲ್ಲಿ ನಿಲ್ಲುವುದು. ಇಲ್ಲಿ ತಿಪಟೂರಿನ ಬಸ್ಸು ಹತ್ತಿದರೆ ನಾಲ್ಕು ಜನ “ಏನ್ ಸ್ವಾಮಿ, ಕಾಫಿ ಆಯ್ತಾ” ಎನ್ನುತ್ತಾರೆ. ಈ ಅಂಶವನ್ನು ಯಾವ ವರದಿಯಲ್ಲೂ ನಮೂದಿಸಿರಲಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ, ಕಾರ್ಡು ಉಳಿಸಿಕೊಡಿ ಎಂಬ ಅರ್ಜಿ ಹಿಡಿದು ಅಮೆರಿಕದ ವೀಸಾ ಕಚೇರಿಯ ಗಾಜಿನ ಮುಂದೆ ನಿಂತೆ. ಹಿಂದಿರುಗಲಾಗದಂತೆ ತಡೆದ, ನಿಮ್ಮ ಕೈಮೀರಿದ ಕಾರಣವೇನು ಎಂದು ಒಳಗಿದ್ದ ಮಹಿಳಾ ಅಧಿಕಾರಿ ದುಭಾಷಿಯ ಮೂಲಕ ಕೇಳಿದರು.

“ಕೊಬ್ಬರಿ ಆಗಿರ್ಲಿಲ್ಲ ಮೇಡಂ.”

ಅದಕ್ಕೆ ನೀವು ಏನು ಮಾಡಬೇಕಿತ್ತು ಎಂದರು. ಸುಳ್ಳು ಹೇಳಲು ಅದೇ ಪ್ರಶಸ್ತ ಸಮಯವಾಗಿತ್ತು. ಆದರೆ ನಮ್ಮ ಸೀಮೆಯವನು ಕೊಬ್ಬರಿಯ ವಿಷಯದಲ್ಲಿ ಸುಳ್ಳು ಹೇಳಲಾರ.

“ಏನೂ ಮಾಡಂಗಿಲ್ಲ ಮೇಡಂ. ಸುಮ್ನೆ ಬುಟ್ಟುಬುಡ್ಬೇಕು.”

ಆಕೆ ಬಹಳ ಮರ್ಯಾದೆಯಿಂದ ತಲೆಯಾಡಿಸಿ ನನ್ನ ಅರ್ಜಿಯನ್ನು ತಿರಸ್ಕರಿಸಿದರು.

ಗಿರಿಜಾಳಿಗೆ ಫೋನು ಮಾಡಿ, “ಕಾರ್ಡು ಹೋಯ್ತು ಕಣೇ” ಎಂದೆ. ಅವಳು, “ಹೊಸದಾಗಿ ಅರ್ಜಿ ಹಾಕ್ಬೇಕು ಕಣ್ರೀ. ಇವ್ರು ನನ್ನ ಗಂಡ, ನನ್ನ ಜೊತೇಲಿ ಬಂದು ಇರ್ತಾರೆ ಅಂತ ನಾನೇ ಬರ್ಕೊಡ್ಬೇಕು” ಎಂದಳು.

“ಬರ್ಕೊಡು ಮತ್ತೆ.”

“ನಿಜವಾಗ್ಲೂ ಬಂದು ಇರ್ತೀರಾ?”

ಇಷ್ಟು ತಿಂಗಳಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. “ಇರ್ತೀನಿ ಕಣೇ” ಎಂದೆ.

“ಯೋಚ್ನೆ ಮಾಡಿ ಹೇಳ್ತೀನಿ ಬುಡಿ” ಎಂದಳು.

ಸದರಿ ಕೋರಿಕೆಯು ಈಗ ಅವಳ ಪರಿಶೀಲನೆಯಲ್ಲಿದೆ. ಕಾಯುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆಯೆಂದು ನಿವೇದಿಸಿಕೊಂಡೆ. ಅವಳು ಅದನ್ನು ಅರ್ಹತೆಯೆಂದು ಪರಿಗಣಿಸುತ್ತಿಲ್ಲ.